ಅವಕೆಂಪು ಕಿರಣ ಚಿಕಿತ್ಸೆ

ಅವಕೆಂಪು ಕಿರಣ ಚಿಕಿತ್ಸೆಯು ಕೆಂಪು ಬೆಳಕಿಗಿಂತ ಹೆಚ್ಚು ತರಂಗದೂರವುಳ್ಳ, ಕಣ್ಣಿಗೆ ಕಾಣದ ವಿಕಿರಣವನ್ನು ದೇಹದ ನೋಯುವ ಭಾಗದ ಮೇಲೆ ಹಾಯಿಸಿ ಸ್ನಾಯು, ಸ್ನಾಯುರಜ್ಜು ಹಾಗೂ ಕೀಲುಗಳ ನೋವನ್ನು ತಗ್ಗಿಸುವ ಒಂದು ಭೌತಚಿಕಿತ್ಸಾ ವಿಧಾನ. ಅತಿಗೆಂಪು ಕಿರಣ ಚಿಕಿತ್ಸೆ, ಇನ್‌ಫ್ರಾರೆಡ್ ಚಿಕಿತ್ಸೆ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಫಿಸಿಯೋಥೆರಪಿ ಕೇಂದ್ರಗಳಿಗೆ ಬರುವ ಜನರ ಮಾತಿನಲ್ಲಿ ಇದು 'ಲೈಟ್ ಹಿಡಿಯುವುದು' ಅಥವಾ 'ಶಾಖ ಕೊಡುವುದು'.

ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಚಿಕಿತ್ಸೆಗಳು ಸೇರಿಕೊಂಡಿವೆ. ಮೊದಲನೆಯದು ದೀಪದ ಶಾಖದಿಂದ ಚರ್ಮ ಮತ್ತು ಅದರ ಕೆಳಗಿನ ಅಂಗಾಂಶವನ್ನು ಬೆಚ್ಚಗೆ ಮಾಡುವುದು. ಎರಡನೆಯದು ಶಾಖವೇ ಗೊತ್ತಾಗದಷ್ಟು ಕಡಿಮೆ ಶಕ್ತಿಯ ಲೇಸರ್ ಅಥವಾ ಎಲ್‌ಇಡಿ ಬೆಳಕಿನಿಂದ ಜೀವಕೋಶಗಳ ಒಳಗೆ ರಾಸಾಯನಿಕ ಬದಲಾವಣೆ ತರಲು ಯತ್ನಿಸುವುದು. ಇವೆರಡರ ಕಾರ್ಯವಿಧಾನ, ಪ್ರಮಾಣ ಮತ್ತು ಪುರಾವೆ ಬೇರೆ ಬೇರೆ. ಒಂದರ ಮೇಲೆ ನಡೆದ ಸಂಶೋಧನೆಯನ್ನು ಇನ್ನೊಂದರ ಮಾರಾಟಕ್ಕೆ ಬಳಸುವ ಜಾಹೀರಾತುಗಳು ಸಾಮಾನ್ಯವಾಗಿರುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಗಮನಿಸಬೇಕಾಗುತ್ತದೆ. ಎರಡೂ ವಿಧಾನಗಳು ನೋವನ್ನು ಸ್ವಲ್ಪಕಾಲ ತಗ್ಗಿಸಬಲ್ಲವೇ ಹೊರತು ನೋವಿನ ಮೂಲವನ್ನು ತೆಗೆಯುವುದಿಲ್ಲ. ದುಡಿಮೆಯಿಂದ ಬರುವ ನೋವೂ ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬರುವ ನೋವೂ ಒಟ್ಟಿಗೇ ಕಂಡುಬರುವ ಕೊಪ್ಪಳದಂತಹ ಜಿಲ್ಲೆಯಲ್ಲಿ ಈ ಮಿತಿಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ನೋವಿಗೆ ಶಾಖ ಕೊಡುವುದು ಬಹಳ ಹಳೆಯ ಪದ್ಧತಿ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಒತ್ತುವುದು, ಕಾಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟದ ಕೆಳಗೆ ಇಟ್ಟುಕೊಳ್ಳುವುದು, ಎಣ್ಣೆ ಸವರಿದ ಎಕ್ಕದ ಎಲೆಯನ್ನು ಬಿಸಿಮಾಡಿ ಮೊಣಕಾಲಿಗೆ ಕಟ್ಟುವುದು ಇವೆಲ್ಲ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಉಳಿದಿವೆ. ಆಯುರ್ವೇದದಲ್ಲಿ ಸ್ವೇದನವೆಂಬ ಹೆಸರಿನಲ್ಲಿ ಶಾಖದ ಅನೇಕ ಪ್ರಕಾರಗಳನ್ನು ವಿವರಿಸಲಾಗಿದೆ. ಕೆಂಡದ ಮುಂದೆ ಕುಳಿತು ಮೈ ಕಾಸಿಕೊಳ್ಳುವವರಿಗೆ ತಲುಪುವ ಶಾಖದ ಬಹುಭಾಗ ಅವಕೆಂಪು ವಿಕಿರಣವೇ ಆಗಿದೆ. ಆದ್ದರಿಂದ ಆಸ್ಪತ್ರೆಯ ದೀಪ ಮತ್ತು ಮನೆಯ ಅಗ್ಗಿಷ್ಟಿಕೆಯ ನಡುವಿನ ಅಂತರ ವಿಕಿರಣದ ಜಾತಿಯದಲ್ಲ. ಪ್ರಮಾಣವನ್ನು ಅಳೆದು ಕೊಡುವ ಸಾಧ್ಯತೆಯದು.

ಈ ಕಿರಣಗಳ ಇರವನ್ನು ಪತ್ತೆಹಚ್ಚಿದವನು ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲ್. 1800ರಲ್ಲಿ ಅವನು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಪ್ರತಿಯೊಂದು ಬಣ್ಣದಲ್ಲೂ ಉಷ್ಣತಾಮಾಪಕವನ್ನಿಟ್ಟು ನೋಡಿದನು. ಕೆಂಪು ಬಣ್ಣದ ಅಂಚಿನಾಚೆ, ಬೆಳಕೇ ಕಾಣದ ಜಾಗದಲ್ಲಿ ಇಟ್ಟ ಉಷ್ಣತಾಮಾಪಕವು ಇನ್ನೂ ಹೆಚ್ಚಿನ ತಾಪವನ್ನು ತೋರಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿದ್ಯುದ್ದೀಪಗಳು ಬಂದಾಗ ಈ ಅರಿವು ವೈದ್ಯಕೀಯಕ್ಕೆ ಹರಿಯಿತು. ಅಮೆರಿಕದ ಜಾನ್ ಹಾರ್ವೆ ಕೆಲಾಗ್ ವಿದ್ಯುದ್ದೀಪಗಳನ್ನು ಜೋಡಿಸಿದ ಪೆಟ್ಟಿಗೆಗಳಲ್ಲಿ ರೋಗಿಗಳನ್ನು ಕೂರಿಸಿ 'ಬೆಳಕಿನ ಸ್ನಾನ' ಮಾಡಿಸುತ್ತಿದ್ದನು. ಬೆಳಕಿನ ಚಿಕಿತ್ಸೆಯ ಬಗ್ಗೆ ಅವನು ಬರೆದ ಗ್ರಂಥ 1910ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ದೊರೆತದ್ದು ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಮಾಡಿದ್ದಕ್ಕಾಗಿ. ಅವಕೆಂಪು ಚಿಕಿತ್ಸೆಯ ಇತಿಹಾಸದಲ್ಲಿ ಅವನ ಹೆಸರು ಆಗಾಗ ಬರುವುದಾದರೂ, ಆ ಚಿಕಿತ್ಸೆಯ ಫಲಕ್ಕೆ ಕಾರಣ ಶಾಖವಲ್ಲ, ಕಡಿಮೆ ತರಂಗದೂರದ ಕಿರಣಗಳು.

ಎರಡನೆಯ ಬಗೆಯ ಚಿಕಿತ್ಸೆ ಒಂದು ಆಕಸ್ಮಿಕದ ಫಲ. ಹಂಗರಿಯ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ 1960ರ ದಶಕದಲ್ಲಿ ರೂಬಿ ಲೇಸರ್ ಬೆಳಕಿನ ಪರಿಣಾಮವನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದಾಗ, ಬೆಳಕು ಬಿದ್ದ ಕಡೆ ಬೋಳಿಸಿದ ಕೂದಲು ಬೇಗ ಬೆಳೆಯುವುದನ್ನು ಕಂಡನು. ಅಲ್ಲಿಂದ ಬೆಳೆದು ಬಂದ ವಿಧಾನಕ್ಕೆ ಮೊದಲು 'ಕಡಿಮೆ ಮಟ್ಟದ ಲೇಸರ್ ಚಿಕಿತ್ಸೆ' ಎಂದೂ, ಈಚೆಗೆ 'ಫೋಟೊಬಯೊಮಾಡ್ಯುಲೇಶನ್' ಎಂದೂ ಹೆಸರಾಯಿತು.

ಕಿರಣಗಳ ಸ್ವರೂಪ

ಅವಕೆಂಪು ವಿಕಿರಣದ ತರಂಗದೂರ ಸುಮಾರು 700 ನ್ಯಾನೊಮೀಟರಿನಿಂದ 1 ಮಿಲಿಮೀಟರ್‌ವರೆಗೆ ಹರಡಿದೆ. ಇದನ್ನು ಮೂರು ಭಾಗಗಳಾಗಿ ವಿಂಗಡಿಸುವುದುಂಟು: 780ರಿಂದ 1,400 ನ್ಯಾನೊಮೀಟರ್‌ವರೆಗಿನದು ಐಆರ್-ಎ, 1,400ರಿಂದ 3,000ದವರೆಗಿನದು ಐಆರ್-ಬಿ, ಅದರಾಚೆಯದು ಐಆರ್-ಸಿ. ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಯಾವ ಕಿರಣ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ದೇಹದ ಅಂಗಾಂಶದಲ್ಲಿ ನೀರಿನ ಪಾಲೇ ಹೆಚ್ಚು. ನೀರು ಉದ್ದ ತರಂಗದೂರದ ಕಿರಣಗಳನ್ನು ಕೂಡಲೇ ಹೀರಿಕೊಳ್ಳುತ್ತದೆ. ಹೀಗಾಗಿ ಐಆರ್-ಸಿ ಕಿರಣಗಳು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತವೆ. ಸುಮಾರು 650ರಿಂದ 950 ನ್ಯಾನೊಮೀಟರ್‌ವರೆಗಿನ ಬೆಳಕನ್ನು ನೀರೂ ರಕ್ತದ ಹಿಮೋಗ್ಲೋಬಿನ್ನೂ ಕಡಿಮೆ ಹೀರುವುದರಿಂದ ಅದು ಇನ್ನಷ್ಟು ಒಳಗೆ ಹೋಗುತ್ತದೆ. ಆದರೂ ಅದರ ಬಹುಪಾಲು ಮೊದಲ ಕೆಲವು ಮಿಲಿಮೀಟರುಗಳಲ್ಲಿ ಮುಗಿದುಹೋಗುತ್ತದೆ. ಅದಕ್ಕಿಂತ ಆಳಕ್ಕೆ ತಲುಪುವುದು ಅಲ್ಪಾಂಶ ಮಾತ್ರ.

ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಮೊಣಕೈಯ ಹೊರಬದಿಯ ಸ್ನಾಯುರಜ್ಜುಗಳು ಚರ್ಮದ ಕೆಳಗೇ ಇವೆ. ಭುಜದ ಕೀಲನ್ನು ಆವರಿಸಿದ ಸ್ನಾಯುರಜ್ಜುಗಳು ಹಾಗಲ್ಲ. ಅವು ದಪ್ಪ ಸ್ನಾಯು ಮತ್ತು ಎಲುಬಿನ ಅಡಿಯಲ್ಲಿವೆ. ಬೆನ್ನಿನ ಆಳದ ಸ್ನಾಯುಗಳು ಚರ್ಮದಿಂದ ಹಲವು ಸೆಂಟಿಮೀಟರ್ ಒಳಗಿರುತ್ತವೆ. 'ಮೂಳೆಯವರೆಗೂ ತಲುಪುವ ಕಿರಣ' ಎಂಬ ಜಾಹೀರಾತಿನ ಮಾತು ಬೆರಳ ಗಂಟುಗಳ ಮಟ್ಟಿಗೆ ನಿಜವಿರಬಹುದು, ಸೊಂಟದ ಮಟ್ಟಿಗೆ ಅಲ್ಲ.

ಉಪಕರಣಗಳು

ಶಾಖ ನೀಡುವ ಉಪಕರಣಗಳಲ್ಲಿ ಎರಡು ಬಗೆ. ಬೆಳಗುವ ದೀಪದಲ್ಲಿ ಟಂಗ್‌ಸ್ಟನ್ ತಂತಿಯ ಬಲ್ಬು ಇರುತ್ತದೆ. ಅದರ ಗಾಜಿಗೆ ಹೆಚ್ಚಾಗಿ ಕೆಂಪು ಬಣ್ಣ ಕೊಟ್ಟಿರುತ್ತಾರೆ. ಇದರ ವಿಕಿರಣ 1,000 ನ್ಯಾನೊಮೀಟರ್ ಆಸುಪಾಸಿನಲ್ಲಿ ಅತಿ ಹೆಚ್ಚು. ಬೆಳಗದ ದೀಪದಲ್ಲಿ ಬಲ್ಬಿನ ಬದಲು ಪಿಂಗಾಣಿ ಅಥವಾ ಲೋಹದ ಹೊದಿಕೆಯೊಳಗೆ ವಿದ್ಯುತ್ ಸುರುಳಿ ಇದ್ದು, ಅದು 3,000ರಿಂದ 4,000 ನ್ಯಾನೊಮೀಟರ್ ಆಸುಪಾಸಿನ ವಿಕಿರಣವನ್ನು ಹೊರಸೂಸುತ್ತದೆ. ಹದವಾಗಿ ಕಾಯಲು ಹಲವು ನಿಮಿಷ ಬೇಕು. ಕೆಂಪಗೆ ಕಾಣುವುದರಿಂದಲೇ ದೀಪಕ್ಕೆ ವಿಶೇಷ ಗುಣವಿದೆಯೆಂದು ತಿಳಿಯುವುದು ಸಾಮಾನ್ಯ ತಪ್ಪು. ಕಾಣುವ ಕೆಂಪು ಬಣ್ಣ ಗಾಜಿನದು. ಕೆಲಸ ಮಾಡುವ ಕಿರಣ ಕಾಣುವುದಿಲ್ಲ. ಮನೆಬಳಕೆಯ ದೀಪಗಳು ಸಾಮಾನ್ಯವಾಗಿ 100ರಿಂದ 300 ವ್ಯಾಟಿನವು; ಆಸ್ಪತ್ರೆಯ ನಿಲುಗಂಬದ ದೀಪಗಳು ಇನ್ನೂ ದೊಡ್ಡವಿರುತ್ತವೆ.

ಎರಡನೆಯ ಗುಂಪಿನಲ್ಲಿ ಲೇಸರ್ ಮತ್ತು ಎಲ್‌ಇಡಿ ಉಪಕರಣಗಳು ಸೇರುತ್ತವೆ. 780ರಿಂದ 860 ಮತ್ತು 904 ನ್ಯಾನೊಮೀಟರಿನ ಲೇಸರುಗಳು ನೋವಿನ ಚಿಕಿತ್ಸೆಯಲ್ಲಿ ಹೆಚ್ಚು ಪರೀಕ್ಷೆಗೊಳಪಟ್ಟಿವೆ. ಇವುಗಳ ಪ್ರಮಾಣವನ್ನು ನಿಮಿಷಗಳಲ್ಲಿ ಹೇಳುವುದಿಲ್ಲ. ಪ್ರತಿ ಬಿಂದುವಿಗೆ ಇಷ್ಟು ಜೂಲ್ ಎಂದು ಲೆಕ್ಕ ಹಾಕುತ್ತಾರೆ. ಬಟ್ಟೆಯ ಪಟ್ಟಿಯೊಳಗೆ ಎಲ್‌ಇಡಿ ಹೊಲಿದ ಸೊಂಟಪಟ್ಟಿ, ಮೊಣಕಾಲು ಕವಚಗಳು ಈಗ ಅಂತರ್ಜಾಲ ಮಾರುಕಟ್ಟೆಯಲ್ಲಿ ಹೇರಳವಾಗಿವೆ. ತರಂಗದೂರ, ಶಕ್ತಿ ಇವೆರಡನ್ನೂ ನಮೂದಿಸದ ಉಪಕರಣದ ಬಗ್ಗೆ ಯಾವ ಸಂಶೋಧನೆಯೂ ಏನನ್ನೂ ಹೇಳಲಾರದು.

ನೋವು ತಗ್ಗುವ ಬಗೆ

ಶಾಖ ತಗುಲಿದಾಗ ಚರ್ಮದ ಕಿರು ರಕ್ತನಾಳಗಳು ಹಿಗ್ಗಿ ರಕ್ತಸಂಚಾರ ಹೆಚ್ಚುತ್ತದೆ. ಚಿಕಿತ್ಸೆಯ ನಂತರ ಕಾಣುವ ಕೆಂಪು ಛಾಯೆಗೆ ಇದೇ ಕಾರಣ. ಬೆಚ್ಚಗಿನ ಸಂವೇದನೆಯು ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂದೇಶದೊಡನೆ ಸ್ಪರ್ಧಿಸಿ ಅದನ್ನು ಮಂಕಾಗಿಸುತ್ತದೆ. ಬಿಗಿದುಕೊಂಡ ಸ್ನಾಯು ಸಡಿಲಗೊಳ್ಳುತ್ತದೆ, ಬಿಸಿಯಾದ ಕೊಲಾಜೆನ್ ನಾರು ಎಳೆತಕ್ಕೆ ಹೆಚ್ಚು ಒಗ್ಗುತ್ತದೆ. ಭೌತಚಿಕಿತ್ಸಕರು ವ್ಯಾಯಾಮಕ್ಕೆ ಮೊದಲು ಶಾಖ ಕೊಡುವುದರ ಹಿಂದಿನ ತರ್ಕ ಇದೇ. ದೀಪದ ಕೆಳಗಿನ ಹದಿನೈದು ನಿಮಿಷ ಚಿಕಿತ್ಸೆಯ ಪೀಠಿಕೆ ಮಾತ್ರ. ಅದರ ನಂತರ ಕೈಕಾಲು ಆಡಿಸುವ ಅರ್ಧ ಗಂಟೆಯೇ ಚಿಕಿತ್ಸೆಯ ಮುಖ್ಯ ಭಾಗ. ದೀಪವನ್ನಷ್ಟೇ ಪಡೆದು ವ್ಯಾಯಾಮವನ್ನು ಬಿಟ್ಟು ಮನೆಗೆ ಹೋಗುವವರೇ ಹೆಚ್ಚೆಂಬುದು ಬೇರೆ ಮಾತು.

ಕಡಿಮೆ ಶಕ್ತಿಯ ಲೇಸರಿನ ವಿಷಯದಲ್ಲಿ ವಿವರಣೆ ಬೇರೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವು ಈ ಬೆಳಕನ್ನು ಹೀರಿಕೊಳ್ಳುತ್ತದೆ, ಅದರಿಂದ ಕೋಶದ ಶಕ್ತಿ ಉತ್ಪಾದನೆ ಹೆಚ್ಚಿ ಉರಿಯೂತ ತಗ್ಗುತ್ತದೆ ಎಂಬುದು ಹೆಚ್ಚು ಪ್ರಚಲಿತವಾದ ಸಿದ್ಧಾಂತ. ಇದು ಇನ್ನೂ ಚರ್ಚೆಯಲ್ಲಿರುವ ವಿಷಯ. ಪ್ರಮಾಣ ಕಡಿಮೆಯಾದರೆ ಫಲವಿಲ್ಲ, ಒಂದು ಮಿತಿ ದಾಟಿದರೆ ಫಲ ಮತ್ತೆ ಇಳಿಯುತ್ತದೆ ಎಂಬ ವರ್ತನೆಯನ್ನು ಪ್ರಯೋಗಶಾಲೆಯ ಅಧ್ಯಯನಗಳು ತೋರಿಸಿವೆ. ಹೆಚ್ಚು ಹೊತ್ತು ಹಿಡಿದಷ್ಟೂ ಹೆಚ್ಚು ಗುಣ ಎಂಬ ಎಣಿಕೆಗೆ ಇಲ್ಲಿ ಆಧಾರವಿಲ್ಲ.

ಚಿಕಿತ್ಸಾ ಕ್ರಮ

ದೀಪದ ಚಿಕಿತ್ಸೆಗೆ ಮೊದಲು ಆ ಭಾಗದ ಬಟ್ಟೆ, ಒಡವೆ, ಎಣ್ಣೆ ಹಾಗೂ ನೋವಿನ ಮುಲಾಮುಗಳನ್ನು ತೆಗೆಯಬೇಕು. ನಂತರ ಬಿಸಿನೀರು ಮತ್ತು ತಣ್ಣೀರು ತುಂಬಿದ ಎರಡು ಪರೀಕ್ಷಾ ನಳಿಕೆಗಳನ್ನು ಮುಟ್ಟಿಸಿ, ರೋಗಿ ಕಣ್ಣುಮುಚ್ಚಿ ಬಿಸಿ ಯಾವುದು, ತಂಪು ಯಾವುದು ಎಂದು ಸರಿಯಾಗಿ ಹೇಳಬಲ್ಲರೇ ಎಂದು ನೋಡಬೇಕು. ಅವಸರದಲ್ಲಿ ಬಿಟ್ಟುಹೋಗುವ ಈ ಎರಡು ನಿಮಿಷದ ಪರೀಕ್ಷೆಯೇ ಸುಟ್ಟಗಾಯಗಳನ್ನು ತಪ್ಪಿಸುವ ಮುಖ್ಯ ಉಪಾಯ. ಚಿಕಿತ್ಸೆಗೆ ಪ್ರಮಾಣದ ಮಾಪಕ ರೋಗಿಯ ಅನುಭವವೇ ಆಗಿರುವುದರಿಂದ, ಅನುಭವವೇ ಇಲ್ಲದವರಿಗೆ ಮಾಪಕವೂ ಇಲ್ಲ.

ದೀಪವನ್ನು ಚರ್ಮದಿಂದ ಸುಮಾರು 45ರಿಂದ 60 ಸೆಂಟಿಮೀಟರ್ ದೂರದಲ್ಲಿ, ಕಿರಣಗಳು ನೇರವಾಗಿ ಬೀಳುವಂತೆ ಇಡುತ್ತಾರೆ. ದೊಡ್ಡ ದೀಪಕ್ಕೆ ದೂರ ಹೆಚ್ಚು. ಆದರೆ ದೀಪವು ಮೈಯ ನೆತ್ತಿಯ ಮೇಲೆ ತೂಗದಂತೆ ಬದಿಯಿಂದ ಓರೆಯಾಗಿ ನಿಲ್ಲಿಸಬೇಕು. ಬಲ್ಬು ಒಡೆದರೆ ಅಥವಾ ದೀಪ ಕುಸಿದರೆ ರೋಗಿಯ ಮೇಲೆ ಬೀಳಬಾರದು. ಬಿಂದುವಿನಂತಹ ಮೂಲದಿಂದ ಹೊರಡುವ ವಿಕಿರಣದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ಪ್ರತಿಫಲಕವಿರುವ ದೀಪಕ್ಕೆ ಈ ನಿಯಮ ಕರಾರುವಾಕ್ಕಾಗಿ ಹೊಂದದಿದ್ದರೂ, 60 ಸೆಂಟಿಮೀಟರಿನಿಂದ 30ಕ್ಕೆ ತಂದರೆ ತೀವ್ರತೆ ಇಮ್ಮಡಿಯಲ್ಲ, ಸರಿಸುಮಾರು ನಾಲ್ಮಡಿಯಾಗುತ್ತದೆ ಎಂಬುದನ್ನು ನೆನಪಿಡಬೇಕು. ಅವಧಿ 10ರಿಂದ 20 ನಿಮಿಷ. ಹಿತವಾದ ಬೆಚ್ಚನೆ ಅನುಭವವಾಗಬೇಕೇ ವಿನಾ ಉರಿಯಬಾರದು. ಚರ್ಮದ ತಾಪ 45 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಬೆಚ್ಚನೆ ನೋವಾಗಿ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿಯ ಹತ್ತಿರ ಸುಳಿಯುವ ಊರುಗಳಲ್ಲಿ ಗಾಳಿಯಾಡದ ಕೋಣೆಯಲ್ಲಿ ವೃದ್ಧರಿಗೆ ದೀಪ ಹಿಡಿದರೆ ತಲೆಸುತ್ತು ಬರುವುದುಂಟು. ಮೊದಲೇ ನೀರು ಕುಡಿಸಿ, ಚಿಕಿತ್ಸೆಯ ನಂತರ ಕೆಲವು ನಿಮಿಷ ಕೂರಿಸಿ ಕಳಿಸುವುದು ಕ್ರಮ.

ಹೊಸದಾಗಿ ಉಳುಕಿದ, ಬಾತುಕೊಂಡ ಭಾಗಕ್ಕೆ ಮೊದಲ ಎರಡು ಮೂರು ದಿನ ಶಾಖ ಕೊಡುವುದಿಲ್ಲ. ರಕ್ತಸಂಚಾರ ಹೆಚ್ಚಿದರೆ ಬಾವು ಏರುವ ಸಾಧ್ಯತೆಯಿದೆ.

ಪರಿಣಾಮದ ಪುರಾವೆಗಳು

ಶಾಖದ ಕುರಿತು ಲಭ್ಯವಿರುವ ಪುರಾವೆ ಮಿತವಾದದ್ದು, ಆದರೆ ಒಂದೇ ದಿಕ್ಕಿನದು. ಸೊಂಟನೋವಿಗೆ ಶಾಖ ಮತ್ತು ತಂಪಿನ ಬಳಕೆಯ ಬಗ್ಗೆ 2006ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು 9 ಪ್ರಯೋಗಗಳ 1,117 ಜನರ ಮಾಹಿತಿಯನ್ನು ಪರಿಶೀಲಿಸಿ, ಶಾಖಪಟ್ಟಿಯಿಂದ ಅಲ್ಪಾವಧಿಯಲ್ಲಿ ನೋವು ಸ್ವಲ್ಪಮಟ್ಟಿಗೆ ಇಳಿಯುತ್ತದೆಂದೂ, ಜೊತೆಗೆ ವ್ಯಾಯಾಮ ಸೇರಿದರೆ ಫಲ ಹೆಚ್ಚುತ್ತದೆಂದೂ ಹೇಳಿತು. ಅಲ್ಲಿ ಬಳಸಿದ್ದು ಮೈಗೆ ಸುತ್ತುವ ಶಾಖಪಟ್ಟಿ, ದೀಪವಲ್ಲ. ಅವಕೆಂಪು ಕಿರಣವನ್ನೇ ಬಳಸಿದ ಕೆನಡಾದ ಒಂದು ಪ್ರಯೋಗ ಅದೇ ವರ್ಷ ಪ್ರಕಟವಾಯಿತು. ದೀರ್ಘಕಾಲದ ಸೊಂಟನೋವಿನ 40 ಜನರಲ್ಲಿ ನಿಜವಾದ ಉಪಕರಣ ಧರಿಸಿದವರ ನೋವು ಹತ್ತರ ಅಳತೆಯಲ್ಲಿ 6.9ರಿಂದ 3ಕ್ಕೆ ಇಳಿದರೆ, ಹುಸಿ ಉಪಕರಣ ಧರಿಸಿದವರದು 7.4ರಿಂದ 6ಕ್ಕೆ ಇಳಿಯಿತು. ಫಲಿತಾಂಶ ಆಶಾದಾಯಕವಾದರೂ ಪ್ರಯೋಗ ಚಿಕ್ಕದು. ಹುಸಿ ಚಿಕಿತ್ಸೆಯಲ್ಲೂ ನೋವು ಇಳಿದಿರುವುದನ್ನು ಗಮನಿಸಬೇಕು: ಯಾವ ಚಿಕಿತ್ಸೆಯೂ ಇಲ್ಲದೆ ಏರಿಳಿಯುವುದು ಸೊಂಟನೋವಿನ ಸಹಜ ಗುಣ. 'ಲೈಟ್ ಹಿಡಿಸಿಕೊಂಡೆ, ಕಡಿಮೆಯಾಯಿತು' ಎಂಬ ಒಬ್ಬರ ಅನುಭವದಿಂದ ತೀರ್ಮಾನಕ್ಕೆ ಬರಲಾಗದಿರುವುದು ಇದರಿಂದಲೇ.

ಲೇಸರಿನ ವಿಷಯದಲ್ಲಿ ಕುತ್ತಿಗೆ ನೋವಿಗೆ ತಕ್ಕಮಟ್ಟಿನ ಬೆಂಬಲವಿದೆ. 2009ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯು 16 ಪ್ರಯೋಗಗಳ 820 ರೋಗಿಗಳನ್ನು ಒಳಗೊಂಡಿತ್ತು; ದೀರ್ಘಕಾಲದ ಕುತ್ತಿಗೆ ನೋವಿನಲ್ಲಿ ಚಿಕಿತ್ಸೆ ಮುಗಿದ ಬಳಿಕ 22 ವಾರಗಳವರೆಗೂ ಉಪಶಮನ ಕಂಡಿತು.

ಸ್ನಾಯುರಜ್ಜುಗಳ ಕಥೆ ಇಷ್ಟು ಸರಳವಲ್ಲ. 2010ರ ಒಂದು ವಿಮರ್ಶೆ 25 ನಿಯಂತ್ರಿತ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ 12ರಲ್ಲಿ ಲೇಸರ್ ಫಲ ನೀಡಿತ್ತು, ಉಳಿದ 13ರಲ್ಲಿ ಫಲವಿರಲಿಲ್ಲ ಅಥವಾ ಸ್ಪಷ್ಟವಿರಲಿಲ್ಲ. ಫಲ ನೀಡಿದ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ಶಿಫಾರಸು ಮಾಡಿದ ಮಿತಿಯೊಳಗಿತ್ತು ಎಂಬುದು ಆ ಲೇಖಕರ ವಿವರಣೆ. ಮೊಣಕೈ ಹೊರಬದಿಯ ನೋವಿನ ಬಗ್ಗೆ 2008ರಲ್ಲಿ ಬಂದ ಇನ್ನೊಂದು ವಿಮರ್ಶೆಯೂ ಇದನ್ನೇ ಸೂಚಿಸಿತು: 904 ನ್ಯಾನೊಮೀಟರ್ ಲೇಸರನ್ನು ಸ್ನಾಯುರಜ್ಜಿನ ಮೇಲೇ ನೇರವಾಗಿ ಹಿಡಿದಾಗ ಅಲ್ಪಾವಧಿಯ ಉಪಶಮನ ದೊರೆತಿತ್ತು. ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜಿನಲ್ಲಿ ಎರಡು ಪ್ರಯೋಗಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ವ್ಯಾಯಾಮದ ಜೊತೆ ಲೇಸರ್ ಸೇರಿಸಿದರೆ ಬೇಗ ಗುಣವಾಗುತ್ತದೆಂದು 52 ಕ್ರೀಡಾಸಕ್ತರ ಮೇಲೆ ನಡೆದ 2008ರ ಅಧ್ಯಯನ ಹೇಳಿದರೆ, 40 ಜನರ ಮೇಲೆ ನಡೆದ 2012ರ ಅಧ್ಯಯನವು ವ್ಯಾಯಾಮದಿಂದ ದೊರೆತ ಗುಣಕ್ಕೆ ಲೇಸರ್ ಹೆಚ್ಚಿನದೇನನ್ನೂ ಸೇರಿಸಲಿಲ್ಲವೆಂದಿತು. ಎರಡರಲ್ಲೂ ಸಮಾನವಾಗಿದ್ದದ್ದು ವ್ಯಾಯಾಮ. ದೀರ್ಘಕಾಲದ ಸ್ನಾಯುರಜ್ಜು ನೋವಿನಲ್ಲಿ ಉರಿಯೂತಕ್ಕಿಂತ ನಾರುಗಳ ಸವೆತವೇ ಪ್ರಧಾನ. ಕ್ರಮೇಣ ಭಾರ ಹೆಚ್ಚಿಸುವ ವ್ಯಾಯಾಮವನ್ನು ವಾರಗಟ್ಟಲೆ ಮಾಡಿದಾಗಲೇ ಆ ನಾರುಗಳು ಮತ್ತೆ ಬಲಗೊಳ್ಳುತ್ತವೆ.

ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೊಸ ಸೊಂಟನೋವಿಗೆ ಮೈಮೇಲಿನ ಶಾಖವನ್ನು ಮಧ್ಯಮ ಗುಣಮಟ್ಟದ ಪುರಾವೆಯ ಆಧಾರದಲ್ಲೂ, ಹಳೆಯ ಸೊಂಟನೋವಿಗೆ ಕಡಿಮೆ ಮಟ್ಟದ ಲೇಸರನ್ನು ಕೆಳಮಟ್ಟದ ಪುರಾವೆಯ ಆಧಾರದಲ್ಲೂ ಆಯ್ಕೆಗಳ ಪಟ್ಟಿಯಲ್ಲಿ ಸೇರಿಸಿದೆ.

ಅಪಾಯಗಳು ಮತ್ತು ಸಲ್ಲದ ಸಂದರ್ಭಗಳು

ಸುಟ್ಟಗಾಯವೇ ಮೊದಲ ಅಪಾಯ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂದವಾದವರು, ಕುಷ್ಠರೋಗದಿಂದ ಚರ್ಮದ ಸ್ಪರ್ಶಜ್ಞಾನ ಕಳೆದುಕೊಂಡವರು, ಪಾರ್ಶ್ವವಾಯು ಪೀಡಿತರು ಚರ್ಮ ಸುಡುತ್ತಿದ್ದರೂ ತಿಳಿಯದೆ ಮಲಗಿರಬಹುದು. ಪಾದ ಜೋಮು ಹಿಡಿದಿದೆ ಎಂದು ಸಕ್ಕರೆ ಕಾಯಿಲೆಯವರೇ ಶಾಖದ ದೀಪ ಕೊಳ್ಳುವುದು ಹೆಚ್ಚು. ದೀಪ ಅತ್ಯಂತ ಅಪಾಯಕಾರಿಯಾಗುವುದೂ ಅವರಿಗೇ. ಕಾಲಿನ ರಕ್ತಸಂಚಾರ ಕುಂಠಿತವಾಗಿರುವಲ್ಲಿ, ಗಡ್ಡೆ ಇರುವಲ್ಲಿ, ರಕ್ತ ಹೆಪ್ಪುಗಟ್ಟಿದ ಅಭಿಧಮನಿಯ ಮೇಲೆ, ಕೀವು ತುಂಬಿದ ಸೋಂಕಿನ ಮೇಲೆ, ಜ್ವರವಿರುವಾಗ ಶಾಖ ಸಲ್ಲದು. ಗರ್ಭಿಣಿಯರ ಹೊಟ್ಟೆ ಮತ್ತು ಸೊಂಟಕ್ಕೆ ಕೊಡುವುದಿಲ್ಲ.

ಕಣ್ಣಿಗೆ ಅವಕೆಂಪು ಕಿರಣ ಬೀಳಬಾರದು. ಗಾಜಿನ ಕುಲುಮೆ, ಕಬ್ಬಿಣದ ಕುಲುಮೆಗಳ ಮುಂದೆ ವರ್ಷಗಟ್ಟಲೆ ದುಡಿದವರಲ್ಲಿ ಕಣ್ಣಿನ ಪೊರೆ ಹೆಚ್ಚಾಗಿ ಬರುವುದನ್ನು ಬಹುಕಾಲದಿಂದ ಗುರುತಿಸಲಾಗಿದೆ. ಕಿರಣ ಕಾಣದ್ದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಲೇಸರಿನ ವಿಷಯದಲ್ಲಿ ಆಯಾ ತರಂಗದೂರಕ್ಕೆ ತಕ್ಕ ಕನ್ನಡಕ ರೋಗಿಗೂ ಚಿಕಿತ್ಸಕರಿಗೂ ಕಡ್ಡಾಯ.

ಸುಡದಷ್ಟು ಹಿತವಾದ ಶಾಖವನ್ನೇ ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ಕೊಡುತ್ತಿದ್ದರೆ ಚರ್ಮದ ಮೇಲೆ ಬಲೆಯಂತಹ ಕಂದು ಗೆರೆಗಳು ಮೂಡುತ್ತವೆ. ಬಹಳ ವರ್ಷ ಮುಂದುವರಿದರೆ ಅಂತಹ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದೂ ಉಂಟು. ಕಾಶ್ಮೀರದಲ್ಲಿ ಚಳಿಗಾಗಿ ಹೊಟ್ಟೆಗೆ ಹತ್ತಿರ ಹಿಡಿಯುವ ಕಂಗ್ರಿ ಎಂಬ ಕೆಂಡದ ಮಡಕೆಯಿಂದ ಬರುವ ಚರ್ಮದ ಕ್ಯಾನ್ಸರ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಮನೆಬಳಕೆ ಮತ್ತು ನಿಯಂತ್ರಣ

ಭಾರತದಲ್ಲಿ ವೈದ್ಯಕೀಯ ಉಪಕರಣಗಳಿಗೆ 2017ರ ವೈದ್ಯಕೀಯ ಉಪಕರಣ ನಿಯಮಗಳು ಅನ್ವಯಿಸುತ್ತವೆ. 2020ರ ಏಪ್ರಿಲ್ 1ರಿಂದ ಎಲ್ಲ ಬಗೆಯ ವೈದ್ಯಕೀಯ ಉಪಕರಣಗಳನ್ನೂ ನಿಯಂತ್ರಣದ ವ್ಯಾಪ್ತಿಗೆ ತರಲಾಗಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮಗಳಲ್ಲಿ ಅವಕೆಂಪು ದೀಪವೆಂದರೆ ಮೈಗೆ ಮೇಲಿನಿಂದ ಶಾಖ ಕೊಡುವ ಉಪಕರಣ, ಅಷ್ಟೇ. ಎಲ್‌ಇಡಿ ಪಟ್ಟಿಗಳ ಮೇಲೆ ಕಾಣುವ 'ಎಫ್‌ಡಿಎ' ಮುದ್ರೆ ಅನೇಕ ವೇಳೆ ಈ ವರ್ಗಕ್ಕೆ ಸೇರಿದ್ದು; ಅದು ಸವೆದ ಕೀಲು ಮತ್ತೆ ಬೆಳೆಯುತ್ತದೆ ಎಂಬ ಮಾತಿಗೆ ಕೊಟ್ಟ ಒಪ್ಪಿಗೆಯಲ್ಲ. ಭೌತಚಿಕಿತ್ಸಕರ ಶಿಕ್ಷಣ ಮತ್ತು ನೋಂದಣಿಯನ್ನು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆಯ ಅಡಿಯಲ್ಲಿ ತರಲಾಗಿದೆ.

ಕೊಪ್ಪಳ ಜಿಲ್ಲೆಯ ಸಂದರ್ಭ

ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರಚನೆಯಾದ ಕೊಪ್ಪಳ ಜಿಲ್ಲೆಯು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ಹೊಂದಿತ್ತು. ಕನಕಗಿರಿ, ಕಾರಟಗಿ, ಕುಕನೂರು ತಾಲ್ಲೂಕುಗಳು ನಂತರ ಸೇರಿದವು. ಸ್ನಾಯು ಮತ್ತು ಸ್ನಾಯುರಜ್ಜು ನೋವಿನ ದೃಷ್ಟಿಯಿಂದ ಇಲ್ಲಿ ಎರಡು ಭಿನ್ನ ಚಿತ್ರಗಳಿವೆ.

ಒಂದು ದುಡಿಮೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ, ಕಾರಟಗಿ ಸೀಮೆ 'ಭತ್ತದ ಕಣಜ' ಎಂದು ಹೆಸರಾಗಿದೆ. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಕೆಸರಿನಲ್ಲಿ ಸೊಂಟ ಬಗ್ಗಿಸಿಕೊಂಡು ಹಿಂದೆ ಹಿಂದೆ ನಡೆಯುತ್ತ ಇಡೀ ದಿನ ಸಸಿ ಹಚ್ಚುತ್ತಾರೆ. ಈ ಭಾಗದಲ್ಲಿ ಭತ್ತದ ದರವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಹಮಾಲರ ಬೆನ್ನಿಗೂ ಕುತ್ತಿಗೆಗೂ ಬೀಳುವ ಭಾರವೂ ಅದೇ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೈಮಗ್ಗದ ನೇಕಾರರೂ ಕೂದಲು ಬಿಡಿಸುವ ಕೆಲಸದ ಮಹಿಳೆಯರೂ, ಕಿನ್ನಾಳದಲ್ಲಿ ಮರದ ಗೊಂಬೆ ಕೆತ್ತಿ ಬಣ್ಣ ಹಾಕುವ ಚಿತ್ರಗಾರರೂ ಗಂಟೆಗಟ್ಟಲೆ ಕುತ್ತಿಗೆ ಬಗ್ಗಿಸಿ ಕೂರುತ್ತಾರೆ. ಇಂತಹ ನೋವಿಗೆ ಶಾಖ ಸಹಾಯಕ. ಆದರೆ ಮರುದಿನ ಬೆಳಿಗ್ಗೆ ಮತ್ತೆ ಅದೇ ಗದ್ದೆಗೆ, ಅದೇ ಚೀಲದ ಕೆಳಗೆ ಹೋಗಬೇಕಾದವರಿಗೆ ದೀಪದ ಉಪಶಮನ ಒಂದು ರಾತ್ರಿಯದು. ಕೂಲಿ ಬಿಟ್ಟು ವಾರಕ್ಕೆ ಮೂರು ದಿನ ಪಟ್ಟಣಕ್ಕೆ ಬಂದು ಹೋಗುವುದು ಸುಲಭವಲ್ಲದ್ದರಿಂದ ಅನೇಕರು ನೋವಿನ ಮಾತ್ರೆ, ಇಂಜೆಕ್ಷನ್ನುಗಳ ಮೊರೆಹೋಗುತ್ತಾರೆ. ಜಿಲ್ಲಾ ಕೇಂದ್ರದಲ್ಲಿ 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಭೌತಚಿಕಿತ್ಸಾ ಸೌಲಭ್ಯವನ್ನು ತನ್ನ ಗುರಿಗಳಲ್ಲಿ ಸೇರಿಸಿಕೊಂಡಿದೆ.

ಇನ್ನೊಂದು ಚಿತ್ರ ನೀರಿನದು. ಕಾಲುವೆಯ ನೀರು ತಲುಪದ ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳ ತಾಲ್ಲೂಕುಗಳ ಒಣಭಾಗಗಳಲ್ಲಿ ಜನರು ಬಹುಕಾಲ ಕುಡಿದದ್ದು ಕೊಳವೆಬಾವಿಯ ನೀರನ್ನು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವಿನ ಈ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂತಹ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಎಲುಬಿನ ಫ್ಲೋರೋಸಿಸ್ ಬರುತ್ತದೆ. ಎಲುಬುಗಳು ದಟ್ಟವಾಗುವುದರ ಜೊತೆಗೆ ಅಸ್ಥಿರಜ್ಜುಗಳಲ್ಲೂ, ಸ್ನಾಯುರಜ್ಜುಗಳು ಎಲುಬಿಗೆ ಕೂಡುವ ಜಾಗಗಳಲ್ಲೂ ಸುಣ್ಣದಂಶ ಕಟ್ಟಿಕೊಳ್ಳುತ್ತದೆ. ಭಾರತದಲ್ಲಿ ಈ ರೋಗವನ್ನು ಮೊದಲು ವಿವರವಾಗಿ ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ರೋಗದ ಆರಂಭದಲ್ಲಿ ಕಾಣುವುದು ಸೊಂಟನೋವು, ಕುತ್ತಿಗೆಯ ಬಿಗಿತ, ಮೊಣಕಾಲು ನೋವುಗಳೇ. ಕೆಲಸದ ನೋವಿನಿಂದ, ಸಂಧಿವಾತದಿಂದ ಇದನ್ನು ಬಿಡಿಸಿ ಗುರುತಿಸುವುದು ಕಷ್ಟ. ಇಂತಹವರಿಗೆ ದೀಪದ ಶಾಖ ಹಿತವೆನಿಸುತ್ತದೆ, ಬಿಗಿತ ಒಂದೆರಡು ಗಂಟೆ ಸಡಿಲುತ್ತದೆ. ಆದರೆ ಅದೇ ನೀರನ್ನು ಕುಡಿಯುತ್ತಿರುವವರೆಗೆ ಸುಣ್ಣ ಕಟ್ಟುವುದು ನಿಲ್ಲುವುದಿಲ್ಲ. ಮುಂದುವರಿದ ಹಂತದಲ್ಲಿ ಬೆನ್ನುಮೂಳೆ ಬಾಗದಂತಾಗಿ, ಬೆನ್ನುಹುರಿ ಒತ್ತಿಕೊಂಡು ಕಾಲಿನ ಬಲವೇ ಹೋಗಬಹುದು. ಅದನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಬೆಳಕಿನ ಚಿಕಿತ್ಸೆಯಿಂದ ಆಗುವ ನಿಜವಾದ ನಷ್ಟ ಇಲ್ಲಿ ಸುಟ್ಟಗಾಯವಲ್ಲ, ಕಳೆದುಹೋದ ವರ್ಷಗಳು.

ಗುರುತಿಸಲು ಕ್ಷೇತ್ರಮಟ್ಟದಲ್ಲಿ ಬಳಸುವ ಮೂರು ಸರಳ ಪರೀಕ್ಷೆಗಳಿವೆ: ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಎತ್ತಿ ತಲೆಯ ಹಿಂದೆ ಹೆಣೆಯುವುದು. ಇವು ಸಾಧ್ಯವಾಗದಿದ್ದರೆ ಫ್ಲೋರೋಸಿಸ್ ಇದೆಯೆಂದೇ ಅರ್ಥವಲ್ಲ. ಆದರೆ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದು, ಮನೆಯ ಹಲವರಿಗೆ ಇದೇ ಬಿಗಿತವಿದ್ದರೆ ಮುಂಗೈಯ ಕ್ಷಕಿರಣ ಚಿತ್ರ, ಮೂತ್ರ ಮತ್ತು ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಬೇಕಾಗುತ್ತದೆ. ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ 2008-09ರಲ್ಲಿ ಆರಂಭವಾಯಿತು. ನದಿಮೂಲದ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು, ಹಳ್ಳಿಗಳ ಶುದ್ಧ ನೀರಿನ ಘಟಕಗಳು ಇದಕ್ಕೆ ಇರುವ ನಿಜವಾದ ಪರಿಹಾರ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ರಾತ್ರಿಯಲ್ಲೂ ಬಿಡದ ಬೆನ್ನುನೋವು, ತೂಕ ಇಳಿಯುವುದು, ಸಂಜೆಯ ಜ್ವರ ಇವು ಬೆನ್ನುಮೂಳೆಯ ಕ್ಷಯದ ಸೂಚನೆಗಳಿರಬಹುದು. ಕಾಲಿನಲ್ಲಿ ಬಲ ಕುಂದುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು ನರಗಳ ಮೇಲಿನ ಒತ್ತಡದ ಲಕ್ಷಣ. ಈ ಎರಡೂ ಸಂದರ್ಭಗಳಲ್ಲಿ ದೀಪದ ಚಿಕಿತ್ಸೆಗೆ ಕಾಯದೆ ವೈದ್ಯರನ್ನು ಕಾಣಬೇಕು; ಎರಡನೆಯ ಬಗೆಯ ಲಕ್ಷಣ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು.